ನಿಮ್ಮೂರ ಆಟಗಾರ್ತಿಯ ಕತೆ ಹೇಳುವುದು ಹೇಗೆ? ಓದಿದವರು ಮೈದಾನಕ್ಕೇ ಬರುವ ಹಾಗೆ

"ನಮ್ಮ ಹುಡುಗಿಯರು ಇಷ್ಟು ಚೆನ್ನಾಗಿ ಆಡ್ತಾರೆ, ನೋಡೋಕೆ ಮಾತ್ರ ಜನ ಬರಲ್ಲ. ಅವರ ಬಗ್ಗೆ ಏನಾದ್ರೂ ಬರೆಯೋಣ, ವಿಡಿಯೊ ಮಾಡೋಣ ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗಲ್ಲ." ಮೈಸೂರಿನ ಕಾಲೇಜು ವಿದ್ಯಾರ್ಥಿಗಳು, ಮಂಡ್ಯ ಕಡೆಯ ಪಿ.ಟಿ. ಮೇಷ್ಟ್ರುಗಳು, ಮಗಳನ್ನು ನಸುಕಿನಲ್ಲೇ ಎಬ್ಬಿಸಿ ಮೈದಾನಕ್ಕೆ ಬಿಟ್ಟು ಬರುವ ಅಪ್ಪ ಅಮ್ಮಂದಿರು, ಎಲ್ಲರೂ ಮತ್ತೆ ಮತ್ತೆ ಕೇಳುವುದು ಇದನ್ನೇ. ಹಾಗಾಗಿ ಒಂದೊಂದೇ ಹಂತ ಬಿಡಿಸಿ ಬರೆದಿದ್ದೇನೆ.

ಗೆಲುವಿಗಂತೂ ಬರ ಇಲ್ಲ. 2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳಾ ತಂಡ ನೇಪಾಳವನ್ನು 78–40ರಿಂದ ಸೋಲಿಸಿತು. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಆ ಪಂದ್ಯದ ಶ್ರೇಷ್ಠ ಆಟಗಾರ್ತಿ. ಮೈಸೂರಿನ ಶುಭಾ ಸತೀಶ್ 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿ, ಮೂರನೇ ಕ್ರಮಾಂಕದಲ್ಲಿ ಬಂದು 69 ರನ್ ಹೊಡೆದರು. ಭಾರತ ಆ ಟೆಸ್ಟನ್ನು 347 ರನ್‌ಗಳಿಂದ ಗೆದ್ದಿತು. 2025ರ ನವೆಂಬರ್ 2ರಂದು ನಮ್ಮ ಮಹಿಳೆಯರು ಏಕದಿನ ಕ್ರಿಕೆಟ್ ವಿಶ್ವಕಪ್ಪನ್ನೂ ಎತ್ತಿದರು.

ಗೆದ್ದು ಬಂದ ದಿನ ಹಾರ, ಶಾಲು, ತೆರೆದ ಜೀಪು ಎಲ್ಲ ಇರುತ್ತದೆ. ತಿಂಗಳು ಕಳೆದ ಮೇಲೆ ಅದೇ ಜನರನ್ನು "ಅವರ ಮುಂದಿನ ಪಂದ್ಯ ಯಾವಾಗ?" ಅಂತ ಕೇಳಿ ನೋಡಿ. ಗೊತ್ತಿರುವವರು ಸಿಕ್ಕರೆ ಅವರೇ ಅಭಿಮಾನಿ. ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋದವರು. ನೀವು ಬರೆಯುವ ಕತೆಯ ಕೆಲಸ ಈ ಪ್ರಶ್ನೆಗೆ ಉತ್ತರ ಗೊತ್ತಿರುವವರ ಸಂಖ್ಯೆ ಹೆಚ್ಚಿಸುವುದು. ಮುಂದೆ ಹೇಳುವ ಎಲ್ಲ ಹಂತಗಳೂ ಅದಕ್ಕಾಗಿಯೇ ಇವೆ.

ಬೇಕಾಗುವ ಸಾಮಾನು ಕಡಿಮೆ. ಕ್ಯಾಮೆರಾ ಇರುವ ಒಂದು ಫೋನ್, ಒಂದು ನೋಟ್‌ಬುಕ್, ಎರಡು ಮೂರು ವಾರ ಸಂಜೆ ಹೊತ್ತು ಬಿಡುವು. ಜೊತೆಗೆ ಆ ಆಟ ಬಲ್ಲವರೊಬ್ಬರು ಬೇಕು, ನೀವು ಬರೆದದ್ದನ್ನು ಓದಿ "ಇದು ತಪ್ಪು" ಅಂತ ಮುಖಕ್ಕೇ ಹೇಳುವಂಥವರು.

1. ಯಾರ ಕತೆ ಅಂತ ತೀರ್ಮಾನ ಮಾಡಿ

ಪದಕ ಗೆದ್ದವರನ್ನೇ ಹುಡುಕಿಕೊಂಡು ಹೋಗಬೇಡಿ. ಅವರ ಸುದ್ದಿ ಹೇಗೂ ಬರುತ್ತದೆ. ಮುಂದಿನ ಒಂದೆರಡು ತಿಂಗಳಲ್ಲಿ ಪಂದ್ಯ ಇರುವವರನ್ನು ಹುಡುಕಿ. ಆ ಪಂದ್ಯ ನಿಮ್ಮ ಓದುಗರು ಬಸ್ಸು ಹತ್ತಿ ಹೋಗಿ ನೋಡುವಷ್ಟು ಹತ್ತಿರದಲ್ಲಿ ಇರಲಿ. ಮೈಸೂರಿನವರಾದರೆ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ, ಮಂಡ್ಯದವರಾದರೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಸಂಜೆ ಅಭ್ಯಾಸದ ಹೊತ್ತಿಗೆ ಹೋಗಿ, ಸುಮ್ನೆ ಕೂತು ನೋಡಿ. ಹಳ್ಳಿಯವರಾದರೆ ನಿಮ್ಮ ಹೈಸ್ಕೂಲಿನ ಮೈದಾನವೇ ಸಾಕು.

ಕೋಚ್ ಹತ್ತಿರ "ಚೆನ್ನಾಗಿ ಆಡೋರು ಯಾರು?" ಅಂತ ಕೇಳಿದರೆ ಪದಕದ ಪಟ್ಟಿ ಬರುತ್ತದೆ. ಅದರ ಬದಲು "ಯಾರು ಆಡೋವಾಗ ಉಳಿದ ಹುಡುಗಿಯರು ತಮ್ಮ ಕೆಲಸ ಬಿಟ್ಟು ನೋಡ್ತಾ ನಿಲ್ತಾರೆ?" ಅಂತ ಕೇಳಿ. ಆಗ ಹೇಳುವ ಹೆಸರೇ ನಿಮಗೆ ಬೇಕಾದದ್ದು.

ಒಬ್ಬರಿಗಿಂತ ಇಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಮದ್ದೂರಿನ ಕಡೆಯವರೊಬ್ಬರು, ನಾಗಮಂಗಲದ ಕಡೆಯವರೊಬ್ಬರು, ಇಬ್ಬರೂ ಪ್ರತಿ ಜಿಲ್ಲಾ ಕೂಟದ 400 ಮೀಟರ್ ಓಟದಲ್ಲಿ ಎದುರಾಗುತ್ತಾರೆ ಅಂತಿಟ್ಟುಕೊಳ್ಳಿ. ಈ ವರ್ಷ ಯಾರು ಅನ್ನುವ ಕುತೂಹಲ ತಾನಾಗಿ ಹುಟ್ಟುತ್ತದೆ. ನಮ್ಮ ಕುಸ್ತಿಯವರಿಗೆ ಇದು ಎಂದೋ ಗೊತ್ತು. ದಸರಾ ಕುಸ್ತಿಗೆ ಮೊದಲು ಯಾರ ಎದುರು ಯಾರು ಅಂತ ತೂಕ, ವಯಸ್ಸು, ಅನುಭವ ನೋಡಿ ಜೋಡಿ ಕಟ್ಟುತ್ತಾರಲ್ಲ, ಜನರ ಚರ್ಚೆ ಅವತ್ತೇ ಶುರುವಾಗಿರುತ್ತದೆ. ಕತೆಯಲ್ಲೂ ಜೋಡಿ ಕಟ್ಟಿ. ಆದರೆ ಇಬ್ಬರ ನಡುವೆ ಇಲ್ಲದ ಜಗಳ ಹುಟ್ಟಿಸಬೇಡಿ. ಪೈಪೋಟಿ ಅಂಕಣದ ಒಳಗಿನದು ಮಾತ್ರ.

2. ಮೊದಲು ಆಟ ಕಲಿಯಿರಿ

ಹೆಚ್ಚಿನವರು ಹಾರಿ ಹೋಗುವ ಹಂತ ಇದು. ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ. ಆಟ ಅರ್ಥವಾಗದ ಬರಹಗಾರ "ಅದ್ಭುತ ಪ್ರದರ್ಶನ ನೀಡಿದರು" ಅಂತ ಬರೆಯುತ್ತಾನೆ. ಅದನ್ನು ಓದಿದವರಿಗೆ ಏನೂ ಕಾಣುವುದಿಲ್ಲ. ಕ್ರಿಕೆಟ್ ನಿಯಮವನ್ನು ಯಾರೂ ವಿವರಿಸಬೇಕಿಲ್ಲ. ಉಳಿದ ಆಟಗಳ ವಿಷಯ ಹಾಗಲ್ಲ, ಶಾಲೆಯಲ್ಲಿ ಆಡಿ ಮರೆತಿರುತ್ತೇವೆ.

ಖೋ ಖೋ ತೆಗೆದುಕೊಳ್ಳಿ. ಅಟ್ಟುವ ತಂಡದವರು ಎರಡು ಕಂಬಗಳ ನಡುವೆ ಸಾಲಾಗಿ ಕೂರುತ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರ ಮುಖ ಆ ಕಡೆ. ಎದ್ದು ಓಡಿ ಮುಟ್ಟಲು ನೋಡುವವರು ಚೇಸರ್. ಚೇಸರ್ ಕೂತವರ ನಡುವೆ ನುಗ್ಗುವಂತಿಲ್ಲ, ಒಮ್ಮೆ ಹಿಡಿದ ದಿಕ್ಕನ್ನು ಮಧ್ಯೆ ಬದಲಿಸುವಂತಿಲ್ಲ. ತಪ್ಪಿಸಿಕೊಳ್ಳುವವರು ಡಿಫೆಂಡರ್. ಅವರು ಹೇಗೆ ಬೇಕಾದರೂ ಓಡಬಹುದು, ಸಾಲಿನ ನಡುವೆ ನುಸುಳಲೂಬಹುದು. ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ, ಆ ಮೂವರ ಗುಂಪಿಗೆ ಬ್ಯಾಚ್ ಅನ್ನುತ್ತಾರೆ. ಹೊಸ ಮಾದರಿಯ ಆಟದಲ್ಲಿ ಒಂದು ಬ್ಯಾಚ್ ನಿಗದಿತ ಹೊತ್ತು ಮೀರಿ ಔಟಾಗದೆ ಉಳಿದರೆ ಅವರಿಗೂ ಅಂಕ ಸಿಗುತ್ತದೆ, ಅದೇ ಡ್ರೀಮ್ ರನ್. ವಿಶ್ವಕಪ್ ಫೈನಲ್‌ನಲ್ಲಿ ಚೈತ್ರಾ ಇದ್ದ ಬ್ಯಾಚ್ ಐದು ನಿಮಿಷಕ್ಕೂ ಜಾಸ್ತಿ ಹೊತ್ತು ಹೀಗೆ ಉಳಿಯಿತು. ಡ್ರೀಮ್ ರನ್ ಅಂದರೇನು ಅಂತ ಮೊದಲೇ ಹೇಳಿದ್ದರೆ ಓದುಗರಿಗೆ ಆ ಐದು ನಿಮಿಷ ಎಷ್ಟು ದೊಡ್ಡದು ಅಂತ ತಾನಾಗಿ ಗೊತ್ತಾಗುತ್ತದೆ. ಹೇಳದಿದ್ದರೆ ಅದೊಂದು ಒಣ ಅಂಕಿ.

ಮೈದಾನದಲ್ಲಿ ಕೂತಾಗ ಡಿಫೆಂಡರ್‌ನ ಪಾದ ನೋಡಿ. ಹಿಮ್ಮಡಿ ನೆಲಕ್ಕೆ ಊರುವುದೇ ಇಲ್ಲ. ಭುಜ ಎಡಕ್ಕೆ ಹೋದಂತೆ ತೋರಿಸಿ ಸೊಂಟ ಬಲಕ್ಕೆ ತಿರುಗಿರುತ್ತದೆ. ಚೇಸರ್ ಕಂಬದ ಹತ್ತಿರ ಬಂದಾಗ ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನು ನೆಲಕ್ಕೆ ಅಡ್ಡಡ್ಡ ಚಾಚಿ ಇನ್ನೊಂದು ಕೈಯಿಂದ ಮುಟ್ಟುತ್ತಾರೆ, ಅದು ಪೋಲ್ ಡೈವ್. ಮಣ್ಣಿನ ಅಂಕಣದಲ್ಲಿ ಇದನ್ನು ದಿನಾ ಮಾಡುವವರ ಮೊಣಕೈ ನೋಡಿದರೆ ಸಾಕು, ಹಳೆ ಗಾಯ ಒಣಗುವ ಮೊದಲೇ ಹೊಸ ತರಚು ಬಿದ್ದಿರುತ್ತದೆ. ಇಂಥ ಎರಡು ವಿವರ ಇದ್ದರೆ ಬರಹದಲ್ಲಿ ಆಟ ಕಾಣುತ್ತದೆ.

ಕಬಡ್ಡಿಗೆ ಕೆಲವು ಮಾತು ಗೊತ್ತಿದ್ದರೆ ಸಾಕು. ಎದುರಾಳಿ ಅಂಕಣಕ್ಕೆ ಹೋಗಿ ಬರುವುದು ರೈಡ್, ಅದಕ್ಕೆ 30 ಸೆಕೆಂಡ್. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೈಡರ್‌ನ ಹಿಡಿದು ಕೆಡವಿದರೆ ಒಂದು ಅಂಕ ಹೆಚ್ಚಿಗೆ, ಅದು ಸೂಪರ್ ಟ್ಯಾಕಲ್. ಎರಡು ರೈಡ್ ಖಾಲಿ ಹೋದ ಮೇಲೆ ಮೂರನೆಯದರಲ್ಲಿ ಅಂಕ ತರಲೇಬೇಕು, ತರದಿದ್ದರೆ ರೈಡರ್ ಔಟ್. ಡು ಆರ್ ಡೈ ಅನ್ನುವುದು ಇದಕ್ಕೇ. ಕತೆ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಅಂಗವಿಕಲ ಆಟಗಾರ್ತಿಯರ ಬಗ್ಗೆ ಬರೆಯುವಾಗಂತೂ ನಿಯಮ ಗೊತ್ತಿರಲೇಬೇಕು. ಇಲ್ಲದಿದ್ದರೆ ಬರಹ "ಪಾಪ" ಅನ್ನುವಲ್ಲಿಗೇ ನಿಂತುಬಿಡುತ್ತದೆ. ಮೂಡಿಗೆರೆ ಕಡೆಯ ರಕ್ಷಿತಾ ರಾಜು 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟದ ಟಿ11 ವಿಭಾಗದ ಚಿನ್ನ ಗೆದ್ದರು. ಟಿ11 ಅಂದರೆ ದೃಷ್ಟಿ ಪೂರ್ತಿ ಅಥವಾ ಹೆಚ್ಚು ಕಡಿಮೆ ಪೂರ್ತಿ ಇಲ್ಲದವರ ವಿಭಾಗ. ಪಕ್ಕದಲ್ಲಿ ಗೈಡ್ ಓಡುತ್ತಾರೆ, ಇಬ್ಬರ ಕೈಯನ್ನೂ ಸೇರಿಸುವ ಒಂದು ಸಣ್ಣ ಪಟ್ಟಿ ಇರುತ್ತದೆ. ಮುಕ್ತಾಯದ ಗೆರೆಯನ್ನು ಗೈಡ್ ಮೊದಲು ದಾಟುವಂತಿಲ್ಲ. ಇಬ್ಬರೂ ಹೆಜ್ಜೆಗೆ ಹೆಜ್ಜೆ, ಕೈಗೆ ಕೈ ಸೇರಿಸಿ 1500 ಮೀಟರ್ ಓಡಬೇಕು. ಇಷ್ಟು ತಿಳಿದ ಮೇಲೆ ಓದುಗರು ಆ ಓಟವನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ, ಅಲ್ವಾ?

3. ಒಪ್ಪಿಗೆ ಪಡೆಯಿರಿ, ಬರಹದಲ್ಲಿ

ನಮ್ಮ ಶಾಲಾ ಕಾಲೇಜು ಆಟಗಾರ್ತಿಯರಲ್ಲಿ ಬಹಳ ಜನ ಹದಿನೆಂಟು ತುಂಬದವರು. ಅಪ್ಪ ಅಥವಾ ಅಮ್ಮನ ಸಹಿ ಇರುವ ಒಂದು ಹಾಳೆ ತೆಗೆದುಕೊಳ್ಳಿ. ಏನು ಬರೆಯುತ್ತೀರಿ, ಯಾವ ಫೋಟೊ ಹಾಕುತ್ತೀರಿ, ಎಲ್ಲಿ ಹಾಕುತ್ತೀರಿ, ಇಷ್ಟು ಅದರಲ್ಲಿ ಇರಲಿ. ಶಾಲೆಗೂ ಕೋಚ್‌ಗೂ ತಿಳಿಸಿ. ಎಲ್ಲರೂ ಹೂಂ ಅಂದ ಮೇಲೆ ಹುಡುಗಿಯನ್ನು ಬೇರೆಯಾಗಿ ಕೇಳಿ. ಅವರಿಗೆ ಇಷ್ಟವಿಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಒತ್ತಾಯ ಬೇಡ.

ಎಚ್ಚರ ವಹಿಸಬೇಕಾದದ್ದು ಇಲ್ಲಿ ಸ್ವಲ್ಪ ಜಾಸ್ತಿ. ಮನೆ ಇರುವ ಬೀದಿ, ಹಾಸ್ಟೆಲ್ ಹೆಸರು, ಬೆಳಿಗ್ಗೆ ಒಬ್ಬರೇ ಓಡುವ ದಾರಿ, ಹತ್ತುವ ಬಸ್ಸಿನ ಹೊತ್ತು, ಇವನ್ನೆಲ್ಲ ಬರೆಯಬೇಡಿ. "ನಸುಕಿನ ನಾಲ್ಕೂವರೆಗೆ ನಾಲೆ ಏರಿಯ ಮೇಲೆ ಒಬ್ಬಳೇ ಓಡುತ್ತಾಳೆ" ಅನ್ನುವ ಸಾಲು ಓದಲು ಚೆಂದ, ಆ ಹುಡುಗಿಗೆ ಅಪಾಯ. ಮಾತಾಡಿಸುವಾಗ ತಾಯಿಯೋ ಗೆಳತಿಯೋ ಕಣ್ಣಳತೆಯಲ್ಲಿ ಇರಲಿ.

ಮಾತಿನ ನಡುವೆ ಯಾರೋ ಕಿರುಕುಳ ಕೊಟ್ಟ ವಿಷಯ ಬಂತು ಅಂದರೆ ಅದು ನಿಮ್ಮ ಲೇಖನದ ಸರಕಲ್ಲ. ರೆಕಾರ್ಡಿಂಗ್ ನಿಲ್ಲಿಸಿ, ಪೂರ್ತಿ ಕೇಳಿಸಿಕೊಳ್ಳಿ. ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಪೋಕ್ಸೊ ಕಾಯ್ದೆ ಹೇಳುವುದು ಅದನ್ನೇ. ಮಕ್ಕಳ ಸಹಾಯವಾಣಿ 1098 ಇದೆ. ಅಂಥ ಮಗುವಿನ ಹೆಸರು, ಫೋಟೊ, ಶಾಲೆ, ಊರು, ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವುದು ಅದೇ ಕಾಯ್ದೆ ಪ್ರಕಾರ ಅಪರಾಧ.

4. ನೋಡಿ, ಆಮೇಲೆ ಕೇಳಿ

ಮೊದಲ ದಿನವೇ ಫೋನ್ ಚಾಚಿ ಸಂದರ್ಶನಕ್ಕೆ ಕೂರಬೇಡಿ. ನಾಲ್ಕೈದು ಸಂಜೆ ಅಭ್ಯಾಸ ನೋಡಿ. ಆಗ ಕೇಳುವ ಪ್ರಶ್ನೆ ತಾನಾಗಿ ಬದಲಾಗುತ್ತದೆ. "ನಿಮಗೆ ಸ್ಫೂರ್ತಿ ಯಾರು?" ಅಂತ ಕೇಳಿದರೆ ಎಲ್ಲರೂ ಕೊಡುವ ಉತ್ತರವೇ ಸಿಗುತ್ತದೆ. "ಮೊನ್ನೆ ಅಂಕಣದ ಎಡ ಮೂಲೆಯ ಕಾರ್ನರ್‌ನವರು ಎರಡು ಸಲ ಹಿಡಿದರಲ್ಲ, ಮೂರನೇ ರೈಡ್‌ಗೆ ಏನು ಬದಲಾಯಿಸಿದಿರಿ?" ಅಂತ ಕೇಳಿ ನೋಡಿ. ಅಲ್ಲಿವರೆಗೆ ಹೂಂ, ಊಹೂಂ ಅಂತಿದ್ದವರು ಎದ್ದು ನಿಂತು ಮಾಡಿ ತೋರಿಸುತ್ತಾರೆ.

ಕೆಲಸಕ್ಕೆ ಬರುವ ಇನ್ನಷ್ಟು ಪ್ರಶ್ನೆಗಳು: ಯಾರ ವಿರುದ್ಧ ಆಡೋಕೆ ಕಷ್ಟ, ಯಾಕೆ? ಈ ವರ್ಷ ಆಟದಲ್ಲಿ ಹೊಸದಾಗಿ ಏನು ಕಲಿತಿರಿ? ಸೋತ ಯಾವ ಪಂದ್ಯ ಈಗಲೂ ಕಾಡುತ್ತದೆ? ಪಂದ್ಯದ ಬೆಳಿಗ್ಗೆ ಏನು ತಿಂತೀರಿ? ಇದು ಚಿಕ್ಕ ಪ್ರಶ್ನೆ ಅನ್ನಿಸಬಹುದು. ಆದರೆ ಮುದ್ದೆ ಬಿಟ್ಟು ಎರಡು ಬಾಳೆಹಣ್ಣು ತಿಂದು ಓಡುವವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ.

ಮದುವೆ ಯಾವಾಗ, ಅಡುಗೆ ಬರುತ್ತಾ, ಈ ಬಟ್ಟೆ ಹಾಕೋಕೆ ಮನೇಲಿ ಒಪ್ಪಿದ್ರಾ, ಇವೆಲ್ಲ ಬೇಡ. ಗಂಡಸರಿಗೆ ಕೇಳದ್ದನ್ನು ಇವರಿಗೂ ಕೇಳಬೇಡಿ. ಎದುರಿಗೆ "ಏನಮ್ಮ, ಹೇಗಿದ್ದೀಯ" ಅಂತ ಆತ್ಮೀಯವಾಗಿ ಮಾತಾಡಿಸಿದರೂ ಬರೆಯುವಾಗ ಪುರುಷ ಆಟಗಾರರಿಗೆ ಕೊಡುವ ಬಹುವಚನವನ್ನೇ ಇವರಿಗೂ ಕೊಡಿ.

5. ಒಂದೊಂದು ಅಂಕಿಯನ್ನೂ ಸರಿನೋಡಿ

ಅಭಿಮಾನ ಬೆಳೆಯುವುದು ನಂಬಿಕೆಯ ಮೇಲೆ. ಒಂದು ಸುಳ್ಳು ಪದಕ ಬರೆದು ಸಿಕ್ಕಿಬಿದ್ದರೆ ಆ ಹುಡುಗಿಯ ನಿಜವಾದ ಪದಕಗಳ ಮೇಲೂ ಜನ ಅನುಮಾನ ಪಡುತ್ತಾರೆ.

ಮೊದಲನೆಯದು, ಮಟ್ಟ. ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳು ವಲಯ ಅಥವಾ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ರಾಷ್ಟ್ರ. "ರಾಜ್ಯ ಮಟ್ಟದ ಆಟಗಾರ್ತಿ" ಅಂದರೆ ಅಲ್ಲಿ ಆಡಿದರೋ, ಗೆದ್ದರೋ? ಯಾವ ವಯೋಮಿತಿಯ ವಿಭಾಗ, ಯಾವ ವರ್ಷ? ಪ್ರಮಾಣಪತ್ರ ನೋಡಿಯೇ ಬರೆಯಿರಿ.

ಎರಡನೆಯದು, ಹೆಸರಿಗೆ ಮಾತ್ರ ಅಂತಾರಾಷ್ಟ್ರೀಯ ಆಗಿರುವ ಕೂಟಗಳು. ಮಾನ್ಯತೆ ಇಲ್ಲದ ಸಂಘಗಳು ದುಡ್ಡು ಕಟ್ಟಿಸಿಕೊಂಡು ಮಕ್ಕಳನ್ನು ನೆರೆದೇಶಕ್ಕೆ ಕರೆದುಕೊಂಡು ಹೋಗಿ ಚಿನ್ನ ಕೊಟ್ಟು ಕಳಿಸುವುದುಂಟು. ಹಳ್ಳಿಯಲ್ಲಿ ಫ್ಲೆಕ್ಸ್ ಏಳುತ್ತದೆ, ಕೆಲಸಕ್ಕೋ ಕ್ರೀಡಾ ಕೋಟಾಕ್ಕೋ ಅರ್ಜಿ ಹಾಕಿದಾಗ ಆ ಪ್ರಮಾಣಪತ್ರ ನಡೆಯುವುದಿಲ್ಲ. ಆ ಆಟದ ರಾಷ್ಟ್ರೀಯ ಫೆಡರೇಷನ್‌ಗೆ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಇದೆಯಾ, ಈ ಕೂಟ ಅವರ ಪಟ್ಟಿಯಲ್ಲಿ ಇದೆಯಾ, ನೋಡಿ. ಗೊತ್ತಾಗದಿದ್ದರೆ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲಿ ಕೇಳಿ. ಅಲ್ಲೂ ಗೊತ್ತಾಗದಿದ್ದರೆ ಆ ಪದಕ ಬಿಟ್ಟುಬಿಡಿ. ಇಲ್ಲಿ ಹುಡುಗಿಯ ತಪ್ಪೇನೂ ಇರುವುದಿಲ್ಲ, ಅವರಿಗೆ ಅವಮಾನ ಆಗದ ಹಾಗೆ ನಡೆದುಕೊಳ್ಳಿ.

ಮೂರನೆಯದು, ಓಟದ ಸಮಯ. ತಾಲ್ಲೂಕು, ಜಿಲ್ಲಾ ಕೂಟಗಳಲ್ಲಿ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಾರೆ. ದೊಡ್ಡ ಕೂಟಗಳಲ್ಲಿ ಅಳೆಯುವುದು ಎಲೆಕ್ಟ್ರಾನಿಕ್ ಯಂತ್ರ. ಪಿಸ್ತೂಲಿನ ಸದ್ದು ಕೇಳಿ ಬೆರಳು ಒತ್ತುವಷ್ಟರಲ್ಲಿ ತಡವಾಗುವುದರಿಂದ ಕೈಯಲ್ಲಿ ಅಳೆದ ಸಮಯ ಕಡಿಮೆ ಬರುತ್ತದೆ. 100 ಮತ್ತು 200 ಮೀಟರ್‌ಗೆ 0.24 ಸೆಕೆಂಡ್ ಸೇರಿಸಿ ಹೋಲಿಸುವುದು ರೂಢಿ. ಇದು ಗೊತ್ತಿಲ್ಲದೆ "ರಾಷ್ಟ್ರೀಯ ದಾಖಲೆಗೆ ಕೂದಲೆಳೆಯಷ್ಟು ದೂರ" ಅಂತ ಬರೆದುಬಿಡುತ್ತೇವೆ.

6. ಬರೆಯಿರಿ: ಮೊದಲು ಆಟ, ಆಮೇಲೆ ಮನೆ

ನಮ್ಮಲ್ಲಿ ಆಟಗಾರ್ತಿಯ ಕತೆ ಅಂದರೆ ಒಂದೇ ಅಚ್ಚು. ಗುಡಿಸಲು, ಕೂಲಿ ಮಾಡುವ ತಾಯಿ, ಬರಿಗಾಲು, ಕಣ್ಣೀರು, ಕೊನೆಗೆ ಪದಕ. ಈ ಕಷ್ಟ ನಿಜ, ಮುಚ್ಚಿಡಬೇಕಿಲ್ಲ. ಆದರೆ ಕರುಣೆಯಿಂದ ಓದಿದವರು ಒಂದು ಸಲ ಶೇರ್ ಮಾಡುತ್ತಾರೆ, ಇನ್ನೂ ಒಳ್ಳೆಯವರಾದರೆ ಶೂ ಕೊಡಿಸುತ್ತಾರೆ. ಪಂದ್ಯ ನೋಡಲು ಬರುವುದಿಲ್ಲ. ಅವರಿಗೆ ಗೊತ್ತಾದದ್ದು ಹುಡುಗಿಯ ಬಡತನ ಮಾತ್ರ, ಆಟ ಗೊತ್ತೇ ಆಗಲಿಲ್ಲ.

ಒಂದು ಉದಾಹರಣೆ ನೋಡಿ. ಎರಡೂ ನಾನೇ ಕಲ್ಪಿಸಿ ಬರೆದದ್ದು.

ಹೀಗೆ ಬೇಡ: "ಕಡು ಬಡತನದಲ್ಲಿ ಹುಟ್ಟಿದ ಈ ಬಾಲೆ ಎಲ್ಲ ಅಡೆತಡೆಗಳನ್ನು ಮೆಟ್ಟಿ ನಿಂತು ಕಬಡ್ಡಿಯಲ್ಲಿ ಅಪ್ರತಿಮ ಸಾಧನೆ ಮಾಡಿ ಜಿಲ್ಲೆಗೆ ಕೀರ್ತಿ ತಂದಿದ್ದಾಳೆ."

ಹೀಗೆ ಬರೆಯಿರಿ: "ಎರಡು ರೈಡ್ ಖಾಲಿ. ಮೂರನೆಯದಕ್ಕೆ ಹೋಗುವಾಗ ಅವರು ಎಡಗಾಲನ್ನು ಸ್ವಲ್ಪ ಎಳೆದರು. ನೋವಿರಬೇಕು ಅಂದುಕೊಂಡ ಕಾರ್ನರ್ ಆಟಗಾರ್ತಿ ಒಂದು ಹೆಜ್ಜೆ ಮುಂದೆ ಬಂದರು. ಅದೇ ಬೇಕಾಗಿತ್ತು. ಬೆನ್ನು ತಿರುಗಿಸಿದವರಂತೆ ಮಾಡಿ ಹಿಮ್ಮಡಿಯಿಂದ ಅವರ ಮೊಣಕಾಲು ಮುಟ್ಟಿ, ಗೆರೆ ದಾಟಿ ಬಂದರು. ಕಾಲಿಗೆ ಏನೂ ಆಗಿರಲಿಲ್ಲ."

ಎರಡನೆಯದನ್ನು ಓದಿದವರಿಗೆ ಇವರ ಆಟ ಇನ್ನೊಮ್ಮೆ ನೋಡಬೇಕು ಅನ್ನಿಸುತ್ತದೆ. ಇದಾದ ಮೇಲೆ ಮನೆಯ ವಿಷಯ ತನ್ನಿ, ಆಟಕ್ಕೆ ತಾಗುವಷ್ಟು ತನ್ನಿ. ಊರಿಗೆ ಕೊನೇ ಬಸ್ಸು ಬೇಗ ಹೊರಡುವುದರಿಂದ ಅಭ್ಯಾಸದ ಕೊನೆ ಅರ್ಧ ಗಂಟೆ ಯಾವತ್ತೂ ಸಿಗುವುದಿಲ್ಲ ಅನ್ನುವ ಒಂದೇ ವಿವರ ಒಂದು ಪುಟದ ಕಷ್ಟವನ್ನು ಹೇಳುತ್ತದೆ.

"ಲೇಡಿ ಧೋನಿ", "ಮಂಡ್ಯದ ಪಿ.ಟಿ. ಉಷಾ" ಥರದ ಬಿರುದು ಬೇಡ. ಹಾಗೆ ಕರೆದರೆ ಜನರಿಗೆ ನೆನಪಾಗುವುದು ಧೋನಿ, ಉಷಾ. ಹಿಂದಿನವರ ಹೆಸರು ತರಬೇಕು ಅನ್ನಿಸಿದರೆ ಚರಿತ್ರೆಯಾಗಿ ತನ್ನಿ. ಕ್ರಿಕೆಟ್ ಹುಡುಗಿಯ ಬಗ್ಗೆ ಬರೆಯುವಾಗ, 1976ರಲ್ಲಿ ಪಟ್ನಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರಿಗೆ ಮೊದಲ ಟೆಸ್ಟ್ ಗೆಲುವು ಬಂದಾಗ ತಂಡದ ನಾಯಕಿ ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ ಅಂತ ಒಂದು ಸಾಲು ಹೇಳಿ. ಆ ಹುಡುಗಿ ಯಾವ ಸಾಲಿನಲ್ಲಿ ಬಂದವರು ಅಂತ ಗೊತ್ತಾಗುತ್ತದೆ.

ಎಷ್ಟು ಉದ್ದ? ಪತ್ರಿಕೆಗಾದರೆ ಐನೂರು ಪದ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಓಡಾಡಬೇಕಾದರೆ ಇನ್ನೂರು ಮೀರಬೇಡಿ.

7. ಫೋಟೊ, ವಿಡಿಯೊ

ಎಲ್ಲಿ ನಿಲ್ಲಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಖೋ ಖೋಗೆ ಕಂಬದ ಹತ್ತಿರ, ಗೆರೆಯಿಂದ ಹೊರಗೆ. ಕಬಡ್ಡಿಗೆ ಅಂಕಣದ ಮೂಲೆಯಲ್ಲಿ ಕೂತು, ಫೋನ್ ಕೆಳಗೆ ಹಿಡಿದು. ಓಟಕ್ಕೆ ಮುಕ್ತಾಯದ ಗೆರೆ ದಾಟಿ ಸ್ವಲ್ಪ ಮುಂದೆ, ಆಗ ಮುಖ ಸಿಗುತ್ತದೆ. ಆಟಗಾರ್ತಿ ಬಿದ್ದಾಗ, ಬಗ್ಗಿದಾಗ ಬಟ್ಟೆ ಸರಿದ ಚಿತ್ರ ಬಂದಿದ್ದರೆ ಅಲ್ಲೇ ಅಳಿಸಿ. ಹಾಕುವ ಮೊದಲು ಅವರಿಗೆ ತೋರಿಸಿ.

ಟಿವಿಯಲ್ಲಿ ಬಂದ ಪಂದ್ಯದ ತುಣುಕು ಪ್ರಸಾರ ಮಾಡಿದವರ ಸ್ವತ್ತು. ಅದನ್ನು ಕತ್ತರಿಸಿ ರೀಲ್ಸ್‌ಗೆ ಹಾಕಿದರೆ ನಿಮ್ಮ ಖಾತೆಗೇ ಕುತ್ತು ಬರಬಹುದು. ನೀವೇ ತೆಗೆದದ್ದು ಅಲುಗಾಡಿದರೂ ಪರವಾಗಿಲ್ಲ.

8. ಮುಂದಿನ ಪಂದ್ಯಕ್ಕೆ ಕರೆಯಿರಿ

ಬರಹದ ಕೊನೆಗೆ ಇಷ್ಟು ಇರಲೇಬೇಕು: ಮುಂದಿನ ಪಂದ್ಯ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮೈದಾನ, ಟಿಕೆಟ್ ಇದೆಯಾ, ಯಾವ ಬಸ್ ಹೋಗುತ್ತದೆ, ಹೆಂಗಸರಿಗೆ ಶೌಚಾಲಯ ಇದೆಯಾ. ಕೊನೆಯದನ್ನು ಯಾರೂ ಬರೆಯುವುದಿಲ್ಲ. ಹೆಂಗಸರು, ಹುಡುಗಿಯರು ಪ್ರೇಕ್ಷಕರಾಗಿ ಬರಬೇಕು ಅಂದರೆ ಅದನ್ನು ಬರೆಯಲೇಬೇಕು. ಶೌಚಾಲಯ ಇಲ್ಲ ಅಂತಾದರೆ ಆಯೋಜಕರಿಗೆ ಹೇಳಿ ಮಾಡಿಸಿ.

"ಹೆಂಗಸರ ಆಟ ಯಾರು ನೋಡ್ತಾರೆ" ಅನ್ನುವವರಿಗೆ ಎರಡು ಮಾತು ಹೇಳಿ. 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿತು. ಸುಮಾರು ಐವತ್ತು ವರ್ಷ ಆ ನಿಷೇಧ ನಡೆಯಿತು. ಜನ ಬರುತ್ತಿದ್ದರು, ಬಾಗಿಲು ಹಾಕಿದ್ದು ಬೇರೆಯವರು. 2022ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾದ ಮಹಿಳಾ ಪಂದ್ಯಕ್ಕೆ 91,648 ಜನ ಬಂದರು. ನಮ್ಮ ಹತ್ತಿರದ್ದೇ ಬೇಕಾದರೆ ದಸರಾ ಕುಸ್ತಿಗೆ ಹೋಗಿ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಹೆಣ್ಣುಮಕ್ಕಳ ಕುಸ್ತಿಯನ್ನೂ ಜನ ಕೂತು ನೋಡುತ್ತಾರೆ, ಗೆದ್ದವರಿಗೆ "ದಸರಾ ಕಿಶೋರಿ" ಬಿರುದು ಇದೆ.

ಹಳ್ಳಿಗಳ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನೋಡಿರುತ್ತೀರಿ. ಹೆಂಗಸರ ಪಂದ್ಯವನ್ನು ಸಂಜೆ ಮೊದಲಿಗೇ ಮುಗಿಸಿಬಿಡುತ್ತಾರೆ, ಆಗ ಕುರ್ಚಿ ಹಾಕುವವರನ್ನು ಬಿಟ್ಟು ಯಾರೂ ಇರುವುದಿಲ್ಲ. ಆಮೇಲೆ ಜನ ಬರಲಿಲ್ಲ ಅನ್ನುತ್ತಾರೆ. ಆಯೋಜಕರ ಹತ್ತಿರ ಕೂತು ಮಾತಾಡಿ. ಮಹಿಳೆಯರ ಫೈನಲ್ ಅನ್ನು ಪುರುಷರ ಫೈನಲ್‌ಗೆ ಸ್ವಲ್ಪ ಮೊದಲು ಇಡಿಸಿ. ಜನ ತುಂಬಿರುವ ಹೊತ್ತು ಅದು. ದೂರದಿಂದ ಬಂದ ತಂಡವಾದರೆ ಹುಡುಗಿಯರು ರಾತ್ರಿ ವಾಪಸು ಹೋಗುವ ವ್ಯವಸ್ಥೆಯನ್ನೂ ಅದೇ ಮಾತಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ಮೈಕ್‌ನಲ್ಲಿ ಕಾಮೆಂಟರಿ ಹೇಳುವವರ ಕೈಗೆ ಒಂದು ಚೀಟಿ ಕೊಡಿ. ಜೆರ್ಸಿ ನಂಬರ್, ಹೆಸರು, ಊರು, ಅವರ ಆಟದ ಬಗ್ಗೆ ಒಂದೊಂದು ಸಾಲು. "ಏಳನೇ ನಂಬರ್ ಆಟಗಾರ್ತಿ" ಅನ್ನುವ ಬದಲು ಹೆಸರು ಹಿಡಿದು, "ಬೋನಸ್ ಗೆರೆ ದಾಟದೆ ವಾಪಸ್ ಬರೋರೇ ಅಲ್ಲ" (ಬೋನಸ್ ಗೆರೆ ಅಂದರೆ ಎದುರಾಳಿ ಅಂಕಣದಲ್ಲಿ ರೈಡರ್‌ಗೆ ಹೆಚ್ಚಿನ ಅಂಕ ತರುವ ಗೆರೆ) ಅಂತ ಮೈಕ್‌ನಲ್ಲಿ ಬಂದರೆ ಕೂತವರು ಕತ್ತೆತ್ತಿ ನೋಡುತ್ತಾರೆ. ಇಡೀ ಲೇಖನಕ್ಕಿಂತ ಕೆಲವು ಸಲ ಆ ಚೀಟಿಯೇ ಜಾಸ್ತಿ ಕೆಲಸ ಮಾಡುತ್ತದೆ.

9. ಸೋತಾಗಲೂ ಬರೆಯಿರಿ

ಒಂದು ಬರಹಕ್ಕೆ ನಿಲ್ಲಿಸಿದರೆ ಅದು ಸನ್ಮಾನವಾಗುತ್ತದೆ. ಪಂದ್ಯ ಮುಗಿದ ರಾತ್ರಿಯೇ ನಾಲ್ಕು ಸಾಲು ಹಾಕಿ. ಸೋತರೆ ಯಾಕೆ ಸೋತರು ಅಂತ ಹೇಳಿ, ನೆಪ ಬೇಡ. ಗಾಯವಾಗಿದ್ದರೆ, ಅವರ ಒಪ್ಪಿಗೆ ಇದ್ದರೆ, ಯಾವಾಗ ಮತ್ತೆ ಆಡಬಹುದು ಅಂತ ತಿಳಿಸಿ. ಪಿಯುಸಿ ಪರೀಕ್ಷೆಗೆ ಆಟ ನಿಲ್ಲಿಸಿದ್ದರೆ ಅದೂ ಸುದ್ದಿಯೇ. ಎಷ್ಟೋ ಹುಡುಗಿಯರು ಆಟದಿಂದ ದೂರವಾಗುವುದು ಈ ಹೊತ್ತಿನಲ್ಲೇ. "ಏಪ್ರಿಲ್‌ನಲ್ಲಿ ಮತ್ತೆ ಮೈದಾನಕ್ಕೆ" ಅನ್ನುವ ಒಂದು ಸಾಲನ್ನು ನಾಲ್ಕು ಜನ ಓದಿದ್ದರೆ ಮನೆಯಲ್ಲೂ ಅದಕ್ಕೆ ತೂಕ ಬರುತ್ತದೆ.

ಕಾಮೆಂಟುಗಳ ಮೇಲೆ ಕಣ್ಣಿಡಿ. ಮೈ, ಬಣ್ಣ, ಜಾತಿ, ಬಟ್ಟೆ ಬಗ್ಗೆ ಬಂದದ್ದನ್ನು ಉತ್ತರ ಕೊಡುತ್ತಾ ಕೂರದೆ ಅಳಿಸಿ, ಬ್ಲಾಕ್ ಮಾಡಿ. ಬೆದರಿಕೆ ಇದ್ದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ತೋರಿಸಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಟಗಾರ್ತಿ ಎಂದಾದರೂ "ಆ ವಿಡಿಯೊ ತೆಗೀರಿ" ಅಂದರೆ ಕಾರಣ ಕೇಳದೆ ತೆಗೆಯಿರಿ.

ಯಾವಾಗ ಶುರು ಮಾಡಬೇಕು ಅಂತಲೂ ಬಹಳ ಜನ ಕೇಳುತ್ತಾರೆ. ಶಾಲಾ ಕ್ರೀಡಾಕೂಟಗಳು ಮಳೆಗಾಲದ ಹೊತ್ತಿಗೆ ವಲಯ ಮಟ್ಟದಲ್ಲಿ ಆರಂಭವಾಗುತ್ತವೆ. ದಸರಾ ಕ್ರೀಡಾಕೂಟದ ತಾಲ್ಲೂಕು ಆಯ್ಕೆಗಳು ಹಬ್ಬಕ್ಕೆ ಸಾಕಷ್ಟು ಮೊದಲೇ ನಡೆಯುತ್ತವೆ, ಕುಸ್ತಿ ಜೋಡಿ ಕಟ್ಟುವುದೂ ಹಬ್ಬಕ್ಕೆ ಮುಂಚೆಯೇ. ತಾಲ್ಲೂಕಿನ ಕ್ರೀಡಾಧಿಕಾರಿ ಅಥವಾ ನಿಮ್ಮ ಶಾಲೆಯ ದೈಹಿಕ ಶಿಕ್ಷಕರ ಹತ್ತಿರ ಈ ವರ್ಷದ ದಿನಾಂಕಗಳ ಪಟ್ಟಿ ಕೇಳಿ ಪಡೆಯಿರಿ. ಮೊದಲ ಪಂದ್ಯಕ್ಕೆ ಮೂರು ವಾರ ಮುಂಚೆ ಮೈದಾನಕ್ಕೆ ಹೋಗಲು ಶುರು ಮಾಡಿದರೆ ಮೇಲಿನ ಎಲ್ಲಕ್ಕೂ ಸಮಯ ಸಿಗುತ್ತದೆ.